ತಂಗಿಯ ಗಂಡನಿಗೆ ಜೂಜಿನ ಚಟ: ನಾವು ಮೊದಲು ಯಾರ ಕೈ ಹಿಡಿಯಬೇಕು?

ಮೂರು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ಚಿತ್ತಾಪುರ ತಾಲೂಕಿನ ನನ್ನ ತಂಗಿಯ ಊರಿಗೆ ಹೋಗಿದ್ದೆ. ಹೊಲದಲ್ಲಿ ಸಜ್ಜೆ ಕಡುಬು, ಭಜ್ಜಿ ಬಡಿಸುತ್ತಿದ್ದವಳು ಸೆರಗನ್ನು ಮತ್ತೆ ಮತ್ತೆ ಕೊರಳಿಗೆ ಎಳೆದುಕೊಳ್ಳುತ್ತಿದ್ದಳು. ಬಗ್ಗಿದಾಗ ಕಂಡಿತು. ಅವ್ವ ಕೊಟ್ಟ ಬೋರಮಾಳ ಇರಲಿಲ್ಲ. "ಗಿರವಿ ಇಟ್ಟೀವಿ ಅಕ್ಕಾ, ತೊಗರಿ ಮಾರಿದ ಮ್ಯಾಲ ಬಿಡಿಸ್ತೀವಿ" ಅಂದಳು.

ತೊಗರಿ ಮಾರಿದ ದುಡ್ಡೂ ಮನೆಗೆ ಬರಲಿಲ್ಲ. ಮೊದಲು ಮಟ್ಕಾ, ಆಮೇಲೆ ಮೊಬೈಲಿನಲ್ಲಿ ರಮ್ಮಿ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದಾಗ, ಇನ್ನು ಮುಗೀತು ಅಂದುಕೊಂಡೆವು. ಆತ ಮತ್ತೆ ಮಟ್ಕಾಕ್ಕೆ ಹೋದ.

"ಈ ಸಲ ಖರೇನ ಬಿಟ್ಟಾರ ಅಕ್ಕಾ, ಶರಣಬಸಪ್ಪನ ಮ್ಯಾಲ ಆಣಿ ಮಾಡ್ಯಾರ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಆತ ದೇವರಿಗೂ ಹೆದರದವನು ಅಂತ ನಮ್ಮ ಮನೆಯಲ್ಲಿ ಬೈದದ್ದಿದೆ. ಆದರೆ ಆಣೆ ಮಾಡುವ ಹೊತ್ತಿಗೆ ಆತನ ಮಾತು ನಿಜವೇ ಇರುತ್ತದೆ. ಅದು ಯಾಕೆ ನಿಲ್ಲುವುದಿಲ್ಲ ಅನ್ನುವುದು ನನಗೆ ಅರ್ಥವಾದದ್ದು ಕೋತಿಗಳ ಮೇಲಿನ ಒಂದು ಪ್ರಯೋಗದ ಬಗ್ಗೆ ಓದಿದ ಮೇಲೆ.

ವುಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಬಾಯಿಗೆ ರಸದ ಹನಿ ಬಿಟ್ಟು, ಅವುಗಳ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ಒಂದು ಸೂಚನೆ ತೋರಿಸಿ ರಸ ಕೊಡುವುದು ರೂಢಿಯಾದ ಮೇಲೆ, ಸೂಚನೆ ಕಂಡ ಕೂಡಲೇ ಚುರುಕಾಗತೊಡಗಿದವು. 2003ರಲ್ಲಿ ಅವರ ತಂಡ ಇನ್ನೊಂದು ವಿಷಯ ಪ್ರಕಟಿಸಿತು. ರಸ ಬರುತ್ತದೋ ಇಲ್ಲವೋ ಅಂತ ಅರ್ಧಕ್ಕರ್ಧ ಅನುಮಾನ ಇದ್ದಾಗ, ಕಾಯುವ ಹೊತ್ತಿನಲ್ಲಿ ಆ ಕೋಶಗಳ ಚಟುವಟಿಕೆ ಎಲ್ಲಕ್ಕಿಂತ ಜಾಸ್ತಿ ಇತ್ತು.

ಮಟ್ಕಾ ಗೊತ್ತಿದ್ದವರಿಗೆ ಇದು ತಕ್ಷಣ ತಿಳಿಯುತ್ತದೆ. ಮೊದಲ ಅಂಕಿ, ಅಂದರೆ ಓಪನ್, ಬಂದಿದೆ; ಎರಡನೆಯದು, ಅಂದರೆ ಕ್ಲೋಸ್, ಇನ್ನೂ ಬರಬೇಕು. ಆ ನಡುವಿನ ಹೊತ್ತೇ ಹಿಡಿದುಕೊಳ್ಳುವುದು. ಎರಡೂ ಅಂಕಿ ಸೇರಿಸಿ ಕಟ್ಟುವ ಜೋಡಿಯಲ್ಲಿ ಓಪನ್ ಹೊಂದಿ ಕ್ಲೋಸ್ ತಪ್ಪಿದರೆ ನಮಗೆ ಅದು ಸೋಲು. ಆದರೆ ಲೂಕ್ ಕ್ಲಾರ್ಕ್ ಅನ್ನುವ ಸಂಶೋಧಕರು ಮತ್ತವರ ಸಂಗಡಿಗರು 2009ರಲ್ಲಿ ತೋರಿಸಿದ ಪ್ರಕಾರ, ಕೂದಲೆಳೆಯಲ್ಲಿ ತಪ್ಪಿದ ಸೋಲು ಗೆದ್ದಾಗ ಕೆಲಸ ಮಾಡುವ ಮಿದುಳಿನ ಭಾಗಗಳನ್ನೇ ಕೆಣಕುತ್ತದೆ. ಇನ್ನೊಮ್ಮೆ ಆಡಬೇಕು ಅನ್ನಿಸುತ್ತದೆ.

ಇನ್ನೂ ಒಂದು ಮಾತು. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್‌ನಂತೆ ಕೆಲಸ ಮಾಡುವ ಕೆಲವು ಗುಳಿಗೆ ಕೊಡುತ್ತಾರೆ. ಅವನ್ನು ತೆಗೆದುಕೊಂಡ ಮೇಲೆ, ಜೀವನದಲ್ಲೇ ಜೂಜಾಡದ ಕೆಲವರು ಜೂಜಿಗೆ ಬಿದ್ದಿದ್ದಾರೆ. ವೈದ್ಯರು ಔಷಧಿ ಕಡಿಮೆ ಮಾಡಿದಾಗ ಎಷ್ಟೋ ಜನರಲ್ಲಿ ಅದು ಇಳಿದಿದೆ. ಇದನ್ನು ಓದಿದ ದಿನ "ಅವನ ಬುದ್ಧೀನೇ ಅಂಥಾದ್ದು" ಅನ್ನುವುದನ್ನು ಬಿಟ್ಟೆ. ಅಮೆರಿಕದ ಮನೋವೈದ್ಯರ ಕೈಪಿಡಿಯೂ 2013ರಲ್ಲಿ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು.

ಹಾಗಂತ ಆತನ ಸಾಲ ನಾವು ತೀರಿಸಬೇಕಾ? ಒಮ್ಮೆ ತೀರಿಸಿದೆವು. ಅಣ್ಣ ಅರ್ಧ, ನಾನು ಅರ್ಧ. ಎರಡೇ ತಿಂಗಳಲ್ಲಿ ಹೊಸ ಸಾಲ. ಸಾಲ ತೀರಿದರೆ ಮತ್ತೆ ಆಡಲು ದಾರಿ ತೆರೆದಂತೆ, ಅಷ್ಟೇ. ಆಗ ನಾವು ಹಿಡಿಯಬೇಕಾಗಿದ್ದದ್ದು ತಂಗಿಯ ಕೈ. ಈಗ ದುಡ್ಡು ಕೊಡುವುದಿಲ್ಲ. ರೇಷನ್, ಮಕ್ಕಳ ಫೀಜು ನೇರವಾಗಿ ಕಟ್ಟುತ್ತೇವೆ.

ಅವಳಿಗೆ ಹೇಳಿದ ಕಾನೂನಿನ ಮಾತುಗಳಿವೆ. ತಾನು ಸಹಿ ಹಾಕದ, ಜಾಮೀನು ನಿಲ್ಲದ ಗಂಡನ ಸಾಲಕ್ಕೆ ಹೆಂಡತಿ ಹೊಣೆಯಲ್ಲ. ಸಂಘದ ಸಾಲದ ಅರ್ಜಿಗೆ ಸುಮ್ನೆ ಸಹಿ ಹಾಕಬಾರದು. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದಲ್ಲಿ ಗೆದ್ದವನು ಆ ಹಣಕ್ಕಾಗಿ ಕೋರ್ಟಿಗೆ ಹೋಗುವಂತಿಲ್ಲ. ತವರಿನ ಬಂಗಾರ ಅವಳದೇ. ಅದನ್ನು ಅವಳಿಂದ ಕಸಿದು ಮಾರುವುದನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯ ಅನ್ನುತ್ತದೆ.

ಗಂಡನ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಕಷ್ಟದ್ದು. ರಾಬರ್ಟ್ ಮೇಯರ್ಸ್ ಅನ್ನುವವರು ಕುಡಿತದ ಚಟ ಇದ್ದವರ ಮನೆಯವರಿಗಾಗಿ ಒಂದು ವಿಧಾನ ರೂಪಿಸಿದರು. ಆಮೇಲೆ ಅದನ್ನು ಜೂಜಿಗೂ ಹೊಂದಿಸಿದ್ದಾರೆ. ಅದನ್ನು ನೋಡಿ ತಂಗಿಗೆ ಹೇಳಿದ್ದು ಇಷ್ಟು: ಆಡದ ದಿನ ಆತನ ಜೊತೆ ಪ್ರೀತಿಯಿಂದ ಇರು. ಆಡಿ ಬಂದ ರಾತ್ರಿ ಜಗಳಕ್ಕೆ ಇಳಿಯಬೇಡ, ಬೆಳಿಗ್ಗೆ ಶಾಂತವಾಗಿದ್ದಾಗ ಹೇಳು. ಸಾಲಗಾರರ ಮುಂದೆ ಆತನ ಪರವಾಗಿ ಸುಳ್ಳು ಹೇಳಬೇಡ. ನಿನ್ನ ಊಟ, ನಿದ್ದೆ, ಗೆಳತಿಯರನ್ನು ಬಿಡಬೇಡ.

ಸಾಲ ಕುತ್ತಿಗೆಗೆ ಬಂದಾಗ ಸಾಯುವ ಯೋಚನೆ ಬರುವುದು ಈ ಚಟದಲ್ಲಿ ಜಾಸ್ತಿ. ಗಂಡನಿಗೂ ಬರಬಹುದು, ಹೆಂಡತಿಗೂ ಬರಬಹುದು. ಬಾಯಿ ಬಿಟ್ಟು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೊಗರಿಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ 24 ಗಂಟೆಯೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮನೆಯವರೂ ಮಾಡಬಹುದು. ನನ್ನ ತಂಗಿ ಮೊದಲು ಫೋನ್ ಮಾಡಿದ್ದು ತನಗಾಗಿಯೇ.

ಆಮೇಲೆ ಆತನೂ ಕಲಬುರಗಿಗೆ ಬಂದು ಮನೋವೈದ್ಯರನ್ನು ಕಂಡ. ಎರಡು ಸಲ ಬಂದ, ಮೂರನೆಯದು ತಪ್ಪಿಸಿದ, ಈಗ ಮತ್ತೆ ಬರುತ್ತಿದ್ದಾನೆ. ಈ ಸುಗ್ಗಿಯಲ್ಲಿ ತಂಗಿಯ ಮಾವನೇ ತೊಗರಿ ಮಾರಿ, ಮನೆ ಖರ್ಚಿನ ಪಾಲನ್ನು ಸೊಸೆಯ ಖಾತೆಗೆ ಹಾಕಿದರು. ಬೋರಮಾಳ ಇನ್ನೂ ಅಂಗಡಿಯಲ್ಲೇ ಇದೆ. ತಿಂಗಳಿಗೊಮ್ಮೆ ಹೋಗಿ ತಾನೇ ಬಡ್ಡಿ ಕಟ್ಟಿ ಬರುತ್ತಾಳೆ, ರಸೀದಿಯ ಫೋಟೊ ನನಗೆ ಕಳಿಸುತ್ತಾಳೆ.