ನಮ್ಮೂರಿನ ಜನಸಂಖ್ಯೆ ಒಂದೊಂದು ಕಡೆ ಒಂದೊಂದು ಏಕೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಬದಿಯ ಸಣ್ಣ ಹಳ್ಳಿ. ಜನಗಣತಿಯಲ್ಲಿ ಒಂದು ಸಂಖ್ಯೆ ಇದೆ, ಪಂಚಾಯಿತಿಯಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಯಾವುದನ್ನು ನಂಬಬೇಕು?

ಉತ್ತರ: ಮೂರೂ ಸರಿಯಾಗಿರಬಹುದು. ಮೂರು ಕಡೆಯೂ 'ಊರು' ಎಂಬ ಮಾತಿಗೆ ಬೇರೆ ಬೇರೆ ಅರ್ಥವಿದೆ, ಅಷ್ಟೇ.

ಜನಗಣತಿಗೆ ಊರು ಎಂದರೆ ಕಂದಾಯ ಗ್ರಾಮ. ಗ್ರಾಮ ನಕಾಶೆಯ ಗಡಿಯೊಳಗೆ ಬರುವ ತಾಂಡಾ, ಗೊಲ್ಲರಹಟ್ಟಿ, ಕ್ಯಾಂಪ್ ಎಲ್ಲವನ್ನೂ ಒಂದೇ ಹೆಸರಿಗೆ ಸೇರಿಸಿ ಎಣಿಸುತ್ತಾರೆ. ಹಾಗಾಗಿ ನೂರಾರು ಮನೆಗಳಿರುವ ತಾಂಡಾದ ಹೆಸರು ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಒಬ್ಬರೂ ವಾಸವಿಲ್ಲದ ಬೇಚರಾಕ್ ಗ್ರಾಮಕ್ಕೆ ಮಾತ್ರ ಅಲ್ಲಿ ಹೆಸರೂ ಇರುತ್ತದೆ, ಸಂಕೇತ ಸಂಖ್ಯೆಯೂ ಇರುತ್ತದೆ. ಬೇಚರಾಕ್ ಎಂದರೆ ದೀಪ ಉರಿಯದ ಊರು. ದೀಪವಿಲ್ಲದ ಊರಿಗೆ ದಾಖಲೆಯಿದ್ದು, ದೀಪ ಉರಿಯುವ ಹಟ್ಟಿಗೆ ಇಲ್ಲದಿರುವುದು ಅನ್ಯಾಯವೆಂದೇ ನನ್ನ ಭಾವನೆ. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿರುವುದು ಇದಕ್ಕಾಗಿಯೇ.

ಪಂಚಾಯಿತಿಯ ಲೆಕ್ಕ ದೊಡ್ಡದು. 1993ರ ಕಾಯ್ದೆಯಂತೆ ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯಿತಿ. ಹಲವು ಹಳ್ಳಿ ಸೇರಿ ಒಂದೇ ಹಳ್ಳಿಯ ಹೆಸರು ಹೊತ್ತಿರುತ್ತವೆ. ಮತದಾರರ ಪಟ್ಟಿಯಲ್ಲಿ ಹದಿನೆಂಟು ತುಂಬಿದವರು ಮಾತ್ರ, ಅದು ಚಿಕ್ಕದಾಗಿರುವುದು ಸಹಜ.

ನೀವು ವಿಸ್ತೀರ್ಣವನ್ನು ಕೇಳಿಲ್ಲವಾದರೂ ಕೆರೆ ಬದಿಯವರು ಅದನ್ನು ನೋಡಲೇಬೇಕು. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಸೂಳೆಕೆರೆಯ ಏರಿ ಸುಮಾರು 950 ಅಡಿ ಉದ್ದ, ಅಷ್ಟೇ. ಅರಸನ ಮಗಳು ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಆ ಚಿಕ್ಕ ಏರಿಯ ಹಿಂದೆ ನೀರು ಕಣ್ಣು ಹಾಯುವಷ್ಟು ದೂರ ಹರಡಿ ಸುತ್ತಲಿನ ಹಳ್ಳಿಗಳ ಸೆರಗನ್ನು ಮುಟ್ಟುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳಕ್ಕೆ ಇಳಿದು ನೋಡಿ: ಒಡೆದ ಕೆಸರಿನ ಮೇಲೆ ದನದ ಗೊರಸಿನ ಗುರುತು, ಅಲ್ಲಲ್ಲಿ ಹಸಿರು ಹುಲ್ಲು. ಮಳೆಗಾಲದಲ್ಲಿ ಅದೇ ಜಾಗ ನೀರಿನಡಿ. ನಕಾಶೆಯಲ್ಲಿ ಅದಕ್ಕೂ ಸರ್ವೆ ನಂಬರ್ ಇರುತ್ತದೆ, ಗ್ರಾಮದ ವಿಸ್ತೀರ್ಣಕ್ಕೂ ಸೇರಿರುತ್ತದೆ.

ಇದರಿಂದ ಜನಸಾಂದ್ರತೆಯ ಅಂಕಿ ದಾರಿ ತಪ್ಪಿಸುತ್ತದೆ. ಒಂದು ಗ್ರಾಮ 600 ಹೆಕ್ಟೇರ್, ಜನ 1,800 ಎಂದುಕೊಳ್ಳಿ. ಚದರ ಕಿಲೋಮೀಟರಿಗೆ 300 ಜನ ಎನ್ನುತ್ತದೆ ಕಾಗದ. ಅದರಲ್ಲಿ 200 ಹೆಕ್ಟೇರ್ ಕೆರೆಯ ಪಾಲಾಗಿದ್ದರೆ ಒಣನೆಲದ ಲೆಕ್ಕ 450. ಮನೆ ಕಟ್ಟಲು, ಅಡಿಕೆ ಸಸಿ ಇಡಲು ಉಳಿಯುವುದು ಆ ಒಣನೆಲವೇ.

ಇನ್ನು ಕಾಲದ ಮಾತು. ಈಗ ಎಲ್ಲರೂ ಹೇಳುವ ಅಂಕಿ 2011ರದು. ಆ ವರ್ಷ ಫೆಬ್ರವರಿ 9ರಿಂದ 28ರವರೆಗೆ ಎಣಿಸಿ, ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡರು. ನಮ್ಮ ಕಡೆಯ ತಾಂಡಾಗಳಿಂದ ಸಂಸಾರ ಸಮೇತ ಕಾಫಿ ಸೀಮೆಗೆ ದುಡಿಯಲು ಹೋಗುವವರು ಹಲವರು ಆ ಹೊತ್ತಿಗೆ ಇನ್ನೂ ಅಲ್ಲೇ ಇರುತ್ತಾರೆ. ಗಣತಿಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಅವರು ಇದ್ದ ಕಡೆಯೇ ಎಣಿಸುವುದು ನಿಯಮ. ಬೀಗ ಹಾಕಿದ ಮನೆ ಊರಿನ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಜಿಲ್ಲೆಯ ಅಂಕಿಯಲ್ಲೂ ಎಚ್ಚರ ಬೇಕು. 2011ರಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಆಗ ಹರಪನಹಳ್ಳಿ ಇನ್ನೂ ಈ ಜಿಲ್ಲೆಯಲ್ಲಿತ್ತು, ಈಗ ವಿಜಯನಗರದಲ್ಲಿದೆ. ಚನ್ನಗಿರಿಯೂ 1997ರವರೆಗೆ ಶಿವಮೊಗ್ಗ ಜಿಲ್ಲೆಯದು. ಹಳೆಯ ಗಣತಿ ಬೇಕಿದ್ದವರು ಅಲ್ಲಿ ಹುಡುಕಬೇಕು.

ನಿಮ್ಮ ಊರಿನ ಸಂಖ್ಯೆಯನ್ನು ಹೆಸರಿನಿಂದ ಹುಡುಕಬೇಡಿ. ಬಸಾಪುರ, ಕೋಡಿಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟೋ ಇವೆ. 2011ರ ಗಣತಿ ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಸಂಕೇತ ಕೊಟ್ಟಿದೆ, ಅದನ್ನು ಹಿಡಿದು ನೋಡಿ. ನಿಮ್ಮ ಮನೆ ಯಾವ ಕಂದಾಯ ಗ್ರಾಮದ ಗಡಿಯಲ್ಲಿದೆ ಎಂಬುದನ್ನು ಗ್ರಾಮ ಆಡಳಿತಾಧಿಕಾರಿಯಿಂದ ತಿಳಿಯಬಹುದು. ಮುಂದಿನ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಕಾಫಿ ಕೊಯ್ಲಿಗೆ ಹೋದವರು ಫೆಬ್ರವರಿಯಲ್ಲಿ ನಾಲ್ಕು ದಿನವಾದರೂ ಊರಿಗೆ ಬಂದು ಮನೆಯ ಬಾಗಿಲು ತೆರೆದಿಟ್ಟಿರಲಿ.