ಒಂದೂವರೆ ನಿಮಿಷ ಕಾಯಿಸುವ ಸ್ವಾಪ್

ಉಡುಪಿ ರಥಬೀದಿ ಹತ್ತಿರ ಗೆಳೆಯನದೊಂದು ಡಿಟಿಪಿ ಅಂಗಡಿ. ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಅವನ ಡೆಬಿಯನ್ ಲಿನಕ್ಸ್ ಕಂಪ್ಯೂಟರ್ ಬೂಟ್ ಆಗುವಾಗ ಅರ್ಧದಲ್ಲೇ ನಿಲ್ಲುತ್ತಿತ್ತು. ಕಪ್ಪು ಪರದೆಯಲ್ಲಿ ಕೆಂಪು ನಕ್ಷತ್ರಗಳು ಆಚೀಚೆ ಓಡುತ್ತವೆ, ಸೆಕೆಂಡು ಎಣಿಕೆಯಾಗುತ್ತದೆ. 90 ಮುಗಿದ ಮೇಲೇ ಮುಂದಕ್ಕೆ. "ಡಿಸ್ಕ್ ಹೋಯ್ತಾ ಮಾರಾಯಾ?" ಅಂತ ಫೋನ್ ಮಾಡಿದ.

ಡಿಸ್ಕ್ ಸರಿಯೇ ಇತ್ತು. ಹಿಂದಿನ ತಿಂಗಳು ಅದೇ ಡಿಸ್ಕಿಗೆ ಸುಮ್ನೆ ನೋಡುವ ಅಂತ ಮಿಂಟ್ ಎಂಬ ಇನ್ನೊಂದು ಲಿನಕ್ಸ್ ಹಾಕಿದ್ದ. ಅದು ಹಳೆಯ ಸ್ವಾಪ್ ಪಾರ್ಟಿಶನ್ನನ್ನು, ಅಂದರೆ ರ‍್ಯಾಮ್ ಸಾಲದಾಗ ಬಳಸಲು ಇಟ್ಟ ಡಿಸ್ಕಿನ ಭಾಗವನ್ನು, ಹೊಸದಾಗಿ ಫಾರ್ಮ್ಯಾಟ್ ಮಾಡಿತ್ತು.

ಲಿನಕ್ಸಿನಲ್ಲಿ ಸ್ವಾಪ್ ಹೆಚ್ಚುಕಡಿಮೆ ಲಿನಕ್ಸಿನಷ್ಟೇ ಹಳೆಯದು. 1991ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನಿಯ ಒಬ್ಬರ 2 ಎಂಬಿ ರ‍್ಯಾಮ್‌ನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಕಂಪೈಲ್ ಆಗದೆ, ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ರ‍್ಯಾಮ್ ಸಾಲದಾಗ ಡಿಸ್ಕನ್ನು ಬಳಸುವ ವ್ಯವಸ್ಥೆ ಬರೆದರು. ಮರುತಿಂಗಳ 0.12 ಆವೃತ್ತಿಯಲ್ಲಿ ಅದು ಬಂತು. ಮುಂದೆ ಡಿಸ್ಕುಗಳಿಗೆ ಎಚ್‌ಡಿಎ, ಎಸ್‌ಡಿಎ ಅಂತ ಹೆಸರು. ಇನ್ನೊಂದು ಡಿಸ್ಕ್ ಸೇರಿದರೆ ಹೆಸರು ಅದಲುಬದಲಾಗಬಹುದು. ಕರ್ನಲ್ ಎಚ್‌ಡಿಎ ಅನ್ನಿಸಿಕೊಳ್ಳುತ್ತಿದ್ದ ಹಳೆಯ ಐಡಿಇ ಡಿಸ್ಕುಗಳನ್ನೂ ಎಸ್‌ಡಿಎ ಸಾಲಿಗೆ ತಂದಾಗಂತೂ ತಲೆನೋವು ಜಾಸ್ತಿಯಾಯಿತು. ಅದಕ್ಕೇ ಯುಯುಐಡಿ ಎಂಬ ಉದ್ದದ ನಂಬ್ರ, ಪ್ರತಿ ಪಾರ್ಟಿಶನ್ನಿಗೂ ಬೇರೆ ಬೇರೆ. ಉಬುಂಟು ಲಿನಕ್ಸ್ 2006ರ 6.10 ಆವೃತ್ತಿಯಲ್ಲೇ ಅದನ್ನು, ಯಾವ ಪಾರ್ಟಿಶನ್ ಎಲ್ಲಿ ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿಗೆ ತಂದಿತು.

ಎಡವಟ್ಟು ಇಲ್ಲೇ. ಆ ನಂಬ್ರ ಇರುವುದು ಫಾರ್ಮ್ಯಾಟ್ ಮಾಡುವಾಗ ಬರೆಯುವ ತಲೆಬರಹದಲ್ಲಿ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಮನೆ ಅದೇ, ಡೋರ್ ನಂಬ್ರ ಬೇರೆ. ಮೊದಲೆಲ್ಲ ಸ್ವಾಪ್ ಸಿಗದಿದ್ದರೆ ಒಂದು ಎರರ್ ತೋರಿಸಿ ಬೂಟ್ ಮುಂದುವರಿಯುತ್ತಿತ್ತು. 2010ರಲ್ಲಿ ಶುರುವಾದ, ಬೂಟ್ ನಡೆಸುವ ಪ್ರೋಗ್ರಾಮ್ ಸಿಸ್ಟಮ್‌ಡಿ ಹಾಗಲ್ಲ, 90 ಸೆಕೆಂಡು ಕಾಯುತ್ತದೆ. ನಿಧಾನದ ಡಿಸ್ಕುಗಳೂ ಇರುತ್ತವಲ್ವಾ, ಅದನ್ನು ನಾನು ಬೈಯುವುದಿಲ್ಲ. ಸ್ವಾಪ್ ಬದಲು ನಮ್ಮ ಫೈಲುಗಳಿರುವ ಹೋಮ್ ಪಾರ್ಟಿಶನ್ ಕಾಣದಿದ್ದರೆ ರಿಪೇರಿಗೆಂದಿರುವ ಎಮರ್ಜೆನ್ಸಿ ಮೋಡ್‌ಗೇ ಹೋಗುತ್ತಿತ್ತು. ಎಫ್‌ಎಸ್‌ಟ್ಯಾಬ್‌ನಲ್ಲಿ ತೆಗೆದು ಹಾಕುವ ಡಿಸ್ಕಿನ ಸಾಲಿಗೆ, ಸಿಗದಿದ್ದರೂ ಮುಂದೆ ಹೋಗು ಎನ್ನುವ 'ನೋಫೇಲ್' ಸೇರಿಸಿಟ್ಟರೆ ಆ ಹೆದರಿಕೆ ಇಲ್ಲ.

ಬಿಎಲ್‌ಕೆಐಡಿ ಕಮಾಂಡ್ ಕೊಟ್ಟು ಹೊಸ ನಂಬ್ರ ನೋಡಿ ಎಫ್‌ಎಸ್‌ಟ್ಯಾಬ್‌ನಲ್ಲಿ ಬದಲಿಸಿದೆವು. ಆದರೂ ಬೂಟ್ ಶುರುವಿನಲ್ಲಿ ಒಂಚೂರು ತಡೆ. ಹೈಬರ್ನೇಟ್‌ಗೆಂದು (ಕೆಲಸವನ್ನು ಸ್ವಾಪಿನಲ್ಲಿ ಉಳಿಸಿ ಆಫ್ ಮಾಡುವುದು), ಬೂಟಿನ ಆರಂಭಕ್ಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್‌ನ 'ರೆಸ್ಯೂಮ್' ಫೈಲಿನಲ್ಲೂ ಹಳೆಯ ನಂಬ್ರವೇ ಕೂತಿತ್ತು! ಅದನ್ನೂ ತಿದ್ದಿ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿದೆವು.

"ದೊಡ್ಡ ಫ್ಲೆಕ್ಸ್ ಫೈಲ್ ತೆಗೆದಾಗ ಹ್ಯಾಂಗ್ ಆಗ್ತಿತ್ತಲ್ಲ, ಅದು?" ಅಂದ. 4 ಜಿಬಿ ರ‍್ಯಾಮ್, ಒಂದು ತಿಂಗಳಿಂದ ಸ್ವಾಪ್ ಇಲ್ಲ. ಅದೂ ಇದೇ.