ಸರದಿ ಕಾಯದ ಆಂಟೆನಾಗಳು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಗೆ ಬಂದಾಗ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವ ಲಾರಿಯೊಂದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿ. ಕೆಲವು ವೇಗಗಳಲ್ಲಿ ಲಾರಿ ಮುಂದಕ್ಕೆ ಹೋಗುತ್ತಿದ್ದರೂ ಚಕ್ರ ಹಿಂದಕ್ಕೆ ಸುತ್ತುವ ಹಾಗೆ ಕಾಣುತ್ತದೆ. ಕ್ಯಾಮೆರಾ ಒಂದು ಚಿತ್ರ ಹಿಡಿದು ಮುಂದಿನದನ್ನು ಹಿಡಿಯುವಷ್ಟರಲ್ಲಿ ಚಕ್ರದ ಪ್ರತಿ ಬೋಲ್ಟೂ ಮುಂದಿನ ಬೋಲ್ಟಿನ ಜಾಗಕ್ಕೆ ಇನ್ನೇನು ತಲುಪುವಷ್ಟು ಸರಿದಿರುತ್ತದೆ. ಬೋಲ್ಟುಗಳೆಲ್ಲ ಒಂದೇ ಥರ. ಹಾಗಾಗಿ ಕಣ್ಣಿಗೆ ಅವು ಸ್ವಲ್ಪ ಹಿಂದೆ ಬಂದಂತೆ ತೋರುತ್ತದೆ.

ರೇಡಾರ್‌ಗೂ ಇದೇ ಕಷ್ಟ. ಈಗಿನ ಕಾರುಗಳ ಮುಂಭಾಗದಲ್ಲಿರುವ 77 ಗಿಗಾಹರ್ಟ್ಸ್ ರೇಡಾರ್ ಅಲೆಯ ಮಿಡಿತಗಳನ್ನು ಒಂದರ ಹಿಂದೊಂದು ಕಳಿಸುತ್ತದೆ. ಆ ಅಲೆಯ ಉದ್ದ ಸುಮಾರು 3.9 ಮಿಲಿಮೀಟರ್, ಅಕ್ಕಿಕಾಳಿಗಿಂತಲೂ ಚಿಕ್ಕದು. ಒಂದು ಮಿಡಿತದಿಂದ ಮುಂದಿನದಕ್ಕೆ ಪ್ರತಿಧ್ವನಿಯ ಅಲೆ ಎಷ್ಟು ಸರಿಯಿತು ಎಂಬುದರಿಂದ ವೇಗ ಗೊತ್ತಾಗುತ್ತದೆ. 1842ರಲ್ಲಿ ಭೌತವಿಜ್ಞಾನಿ ಡಾಪ್ಲರ್ ಹೇಳಿದ ತತ್ತ್ವವೇ ಇದರ ಬುಡ. ಆದರೆ ಎರಡು ಮಿಡಿತಗಳ ನಡುವೆ ಎದುರಿನ ವಾಹನ ಅಲೆಯ ಕಾಲುಭಾಗಕ್ಕಿಂತ, ಅಂದರೆ ಹೆಚ್ಚುಕಡಿಮೆ 1 ಮಿಲಿಮೀಟರಿಗಿಂತ, ಹೆಚ್ಚು ಸರಿದರೆ ಲಾರಿಯ ಚಕ್ರದ ಕಥೆಯೇ ಆಗುತ್ತದೆ. ಮಿಡಿತಗಳ ನಡುವೆ 50 ಮೈಕ್ರೋಸೆಕೆಂಡ್ ಅಂತರವಿದ್ದರೆ, ಗಂಟೆಗೆ ಸುಮಾರು 70 ಕಿ.ಮೀ. ತನಕ ಗೊಂದಲವಿಲ್ಲ.

ವೇಗ ಗೊತ್ತಾದರೆ ಸಾಲದು, ವಾಹನ ಯಾವ ದಿಕ್ಕಿನಲ್ಲಿದೆ ಎಂಬುದೂ ಬೇಕು. ಅದಕ್ಕೇ ಹಲವು ಆಂಟೆನಾಗಳು. ಕಳಿಸಲು ಮೂರು, ಕೇಳಿಸಿಕೊಳ್ಳಲು ನಾಲ್ಕು ಇಟ್ಟರೆ ಹನ್ನೆರಡು ಆಂಟೆನಾಗಳ ಕೆಲಸ ಆಗುತ್ತದೆ. ಒಂದೇ ಷರತ್ತು: ಯಾವ ಪ್ರತಿಧ್ವನಿ ಯಾವ ಆಂಟೆನಾದ್ದು ಎಂದು ಬಿಡಿಸಿಕೊಳ್ಳಲು ಬರಬೇಕು. ಸುಲಭದ ದಾರಿ ಸರದಿ. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಮೂರು. ಆಗ ಪ್ರತಿ ಆಂಟೆನಾದ ಸರದಿ 150 ಮೈಕ್ರೋಸೆಕೆಂಡಿಗೊಮ್ಮೆ ಬರುತ್ತದೆ. 70 ಇದ್ದದ್ದು 23ಕ್ಕೆ ಇಳಿಯುತ್ತದೆ. 40 ಕಿ.ಮೀ. ವೇಗದಲ್ಲಿ ಎದುರು ಬರುವ ಬಸ್ಸು, 7 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿರುವಂತೆ ಕಾಣುತ್ತದೆ. ದಿಕ್ಕು ತಿಳಿಯಲು ಹೋಗಿ ವೇಗವನ್ನೇ ಕಳೆದುಕೊಂಡ ಹಾಗೆ.

ಇದಕ್ಕೆ ದಾರಿ ಏನೆಂದು ನನಗೆ ಮನಸ್ಸಿಗೆ ಇಳಿದದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ, ಹಲಸಿನ ಹಣ್ಣಿನ ಮುಂದೆ. ನಮ್ಮ ಸೋದರಮಾವನ ಹಳೇ ತಕ್ಕಡಿ ಪ್ರತಿ ಸಲವೂ ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತಿತ್ತು. "ಮಾವ, ಎರಡು ಹಣ್ಣನ್ನೂ ಒಂದೇ ತಟ್ಟೆಗೆ ಹಾಕಿ" ಅಂದೆ. "ಆಮೇಲೆ ಯಾವುದು ಎಷ್ಟು ಅಂತ ಹೆಂಗಪ್ಪಾ ಹೇಳ್ತೀಯ?" ಅಂದರು. ಒಟ್ಟು 22 ಕಿಲೊ ಬಂತು. ಆಮೇಲೆ ಒಂದೊಂದು ತಟ್ಟೆಗೆ ಒಂದೊಂದು ಹಣ್ಣು ಹಾಕಿದೆವು. ಹಗುರದ ಕಡೆಗೆ 6 ಕಿಲೊ ಕಲ್ಲು ಇಟ್ಟಾಗ ಮುಳ್ಳು ನೆಟ್ಟಗೆ ನಿಂತಿತು. ಕೂಡಿ ಅರ್ಧ ಮಾಡಿದರೆ 14, ಕಳೆದು ಅರ್ಧ ಮಾಡಿದರೆ 8. ತೂಗಿದ್ದು ಎರಡೇ ಸಲ, ಆದರೆ ಎರಡು ಸಲವೂ ಎರಡೂ ಹಣ್ಣು ತಕ್ಕಡಿಯಲ್ಲಿದ್ದವು. ಹಾಗಾಗಿ ಬಿಡಿಬಿಡಿಯಾಗಿ ತೂಗುವುದಕ್ಕಿಂತ ತಪ್ಪು ಕಡಿಮೆ. ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಯೇಟ್ಸ್ 1935ರಲ್ಲಿ ಇದನ್ನು ಗುರುತಿಸಿದರು. 1944ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಬೆಳೆಸಿದರು.

ಆಂಟೆನಾಗಳಲ್ಲೂ ಹೀಗೆ ಮಾಡಬಹುದು. ಸದ್ಯಕ್ಕೆ ಕಳಿಸುವ ಆಂಟೆನಾ ಎರಡೇ ಎಂದುಕೊಳ್ಳಿ. ಮೊದಲ ಮಿಡಿತದಲ್ಲಿ ಎರಡೂ ನೇರ ಅಲೆ ಕಳಿಸಲಿ, ಎರಡನೆಯದರಲ್ಲಿ ಒಂದು ತನ್ನ ಅಲೆಯನ್ನು ತಲೆಕೆಳಗು ಮಾಡಲಿ. ಕೂಡಿದರೆ ಒಂದರ ಪ್ರತಿಧ್ವನಿ, ಕಳೆದರೆ ಇನ್ನೊಂದರದ್ದು. ಆದರೆ ಹಲಸಿನ ಹಣ್ಣು ಇದ್ದಲ್ಲೇ ಇರುತ್ತದೆ, ಬಸ್ಸು ಇರುವುದಿಲ್ಲ. ಎರಡು ತೂಕಗಳ ನಡುವೆ ಅದು ಅರ್ಧ ಮಿಲಿಮೀಟರ್ ಜರುಗಿದರೂ ಲೆಕ್ಕ ಕಲಸುತ್ತದೆ. ಜೋಡಿ ಪೂರ್ತಿಯಾಗುವವರೆಗೆ ಕಾಯಬೇಕಾದ್ದರಿಂದ ಸರದಿಯ ತೊಂದರೆಯೂ ಮತ್ತೆ ಬಂದು ಕೂರುತ್ತದೆ.

ಅದಕ್ಕೇ ಉದ್ದನೆಯ ಸಂಕೇತ. ಪ್ರತಿ ಆಂಟೆನಾಕ್ಕೂ ನೇರ, ತಲೆಕೆಳಗು ಎಂಬ ಎರಡೇ ಅಕ್ಷರಗಳ, 512 ಮಿಡಿತಗಳಷ್ಟು ಉದ್ದದ ಬೇರೆಬೇರೆ ಪಟ್ಟಿ ಕೊಡುತ್ತಾರೆ. ಮೂರೂ ಒಟ್ಟಿಗೇ ಕೂಗುತ್ತವೆ. ಬಂದ ಪ್ರತಿಧ್ವನಿಯನ್ನು ಮೊದಲ ಆಂಟೆನಾದ ಪಟ್ಟಿಯಿಂದ ಗುಣಿಸಿದರೆ, ತಲೆಕೆಳಗಾಗಿದ್ದ ಅದರ ಅಲೆಗಳೆಲ್ಲ ನೇರವಾಗಿ ಸಾಲಾಗಿ ನಿಲ್ಲುತ್ತವೆ. ಉಳಿದೆರಡರ ಅಲೆಗಳು ಚೆಲ್ಲಾಪಿಲ್ಲಿಯಾಗಿಯೇ ಇರುತ್ತವೆ. ಈಗ ಪ್ರತಿ ಆಂಟೆನಾದ ಮಾಹಿತಿಯೂ 50 ಮೈಕ್ರೋಸೆಕೆಂಡಿಗೊಮ್ಮೆ ಸಿಗುತ್ತದೆ. 70 ಕಿ.ಮೀ. ಮಿತಿ ಮರಳಿ ಬಂತು, ಬಸ್ಸು 40ರಲ್ಲೇ ಎದುರು ಬರುತ್ತಿರುವಂತೆ ಕಂಡಿತು.

ಚೆಲ್ಲಾಪಿಲ್ಲಿಯಾದದ್ದು ಮಾಯವಾಗುವುದಿಲ್ಲ ಎಂಬುದೇ ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಸವಾಲು. ಅದು ಎಲ್ಲ ವೇಗಗಳ ಮೇಲೂ ಧೂಳಿನಂತೆ ಹರಡಿಕೊಳ್ಳುತ್ತದೆ. ಎರಡು ಆಂಟೆನಾಗಳ ಸೋರಿಕೆ ಸೇರಿ ಸರಾಸರಿ 512ರಲ್ಲಿ 2 ಪಾಲು, ಅಂದರೆ ಬಸ್ಸಿನ ಪ್ರತಿಧ್ವನಿಯ 256ರಲ್ಲಿ 1 ಪಾಲು. ಬಸ್ಸಿನಷ್ಟೇ ದೂರದಲ್ಲಿ ರಸ್ತೆ ದಾಟುತ್ತಿರುವ ಮನುಷ್ಯನ ಪ್ರತಿಧ್ವನಿ ಬಸ್ಸಿನದಕ್ಕಿಂತ ನೂರು ಪಟ್ಟು ಕಡಿಮೆ ಎಂದುಕೊಳ್ಳಿ. ಧೂಳಿಗಿಂತ ಎರಡೂವರೆ ಪಟ್ಟು ಮಾತ್ರ ಎತ್ತರ. ಅಷ್ಟನ್ನು ನಂಬಿ ಬ್ರೇಕ್ ಒತ್ತಲಾಗದು.

ಆದ್ದರಿಂದ ಲೆಕ್ಕವನ್ನು ಇಷ್ಟಕ್ಕೇ ಬಿಡುವುದಿಲ್ಲ. ಮೊದಲು ಬಸ್ಸಿನ ದೂರ, ವೇಗ, ದಿಕ್ಕನ್ನು ಅಳೆದು, ಮೂರೂ ಪಟ್ಟಿಗಳ ಪ್ರಕಾರ ಅದರ ಪ್ರತಿಧ್ವನಿ ಹೇಗಿರಬೇಕಿತ್ತೋ ಹಾಗೇ ಮತ್ತೆ ಕಟ್ಟಿ, ಬಂದ ಸಂಕೇತದಿಂದ ಕಳೆಯುತ್ತಾರೆ. ಬಸ್ಸಿನ ಜತೆಗೆ ಅದರ ಧೂಳೂ ಹೋಗುತ್ತದೆ. ಉಳಿದದ್ದರಲ್ಲಿ ಮತ್ತೆ ಹುಡುಕಿದರೆ, ಕಳಿಸಿದ ಅಲೆಗೂ ಮರಳಿದ ಅಲೆಗೂ ಕಂಪನದಲ್ಲಿ 500 ಹರ್ಟ್ಸ್ ಆಸುಪಾಸಿನ ವ್ಯತ್ಯಾಸ ತೋರುವ ಒಂದು ಸಣ್ಣ ಶಿಖರ: ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಯಾರೋ ರಸ್ತೆಗೆ ಕಾಲಿಟ್ಟಿದ್ದಾರೆ.